ಇನ್ನೂ ಸಿಹಿ ಇದೆ

ಮಟೊಂಡೊನಿಯ ದಂಡೆ. ಇಳಿತದ ಹೊತ್ತು.
ಕಾಂಡ್ಲಾ ಬೇರುಗಳ ಕೆಸರಲ್ಲಿ ಏಡಿಗಳ ಸರಭರ.
ನಾಲ್ಕು ತಿಂಗಳ ದೋಣಿ
ಒಂದು ಹನಿ ಉಪ್ಪು ಕಾಣದೆ ಊರುಗೋಲುಗಳ ಮೇಲೆ ನಿಂತಿದೆ.

ಕೊಳ್ಳಲು ಬಂದ ಓಮಾರಿ ಒಂದು ಸುತ್ತು ಹಾಕಿ
ಬಣ್ಣ ಮೆಚ್ಚಿದ, ಮೂತಿಗೆ ಬರೆದ ಕಣ್ಣು ಮೆಚ್ಚಿದ.
"ಪಾಟೆಗೆ ಹೋದೀತೆ? ಕಿವಾಯೂಗೆ?
ತೆಂಕಣ ಗಾಳಿ ಕೆರಳಿದರೆ?"

ನನ್ನ ಉಸ್ತಾದ ಬ್ವಾನಾಹೇರಿ ಉತ್ತರ ಕೊಡಲಿಲ್ಲ.
"ಬಕೆಟ್ಟು ತಾ," ಎಂದ ನನಗೆ. "ಇರುವಷ್ಟೂ ತಾ."

ಬಾವಿಯಿಂದ ದೋಣಿಗೆ, ಬಾವಿಯಿಂದ ದೋಣಿಗೆ
ಹುಡುಗರೆಲ್ಲ ಹೊತ್ತು ಸುರಿದೆವು.
ಓಮಾರಿ ನಕ್ಕ: "ಮುಳುಗಿಸಲು ಕಡಲೇ ಇದೆಯಲ್ಲ,
ನಿಮಗೇಕೆ ಈ ತೊಂದರೆ?"

ಒಳಗಿನ ನೀರು ಎಲ್ಲಿ ಹೊರಗೆ ಬರುವುದೋ
ಹೊರಗಿನದು ಅಲ್ಲೇ ಒಳಗೆ ಬರುವುದು.
ಇಷ್ಟೇ ಮುದುಕನ ಶಾಸ್ತ್ರ.
ದೋಣಿಯ ಹೊಟ್ಟೆಯ ಕೆಳಗೆ ಮಂಡಿಯೂರಿ ಕಾದೆವು.

ಎಡಗಡೆ, ಅಡಿಮರದಿಂದ ಮೂರನೆಯ ಹಲಗೆ.
ಅಲ್ಲೊಂದು ಗೇಣು ಹತ್ತಿ ತುಂಬಿರಲಿಲ್ಲ ನಾನು.
ಅವತ್ತು ಫುಟ್‌ಬಾಲ್‌ಗೆ ಕರೆದಿದ್ದರು.
ಮೇಲೆ ಸುಣ್ಣ ಕೊಬ್ಬು ಮೆತ್ತಿ, ನೀಲಿ ಬಳಿದು
ಮರೆತಿದ್ದೆ.
ಮರೆತಿದ್ದೇನೆ ಎಂದು ಹೇಳಿಕೊಂಡಿದ್ದೆ.

ಹಲಗೆ ಮರೆತಿರಲಿಲ್ಲ.
ಮೊದಲು ಬೆವರಿತು. ಆಮೇಲೊಂದು ಮಣಿ.
ಮಣಿಗೆ ಮಣಿ ಕೂಡಿ ಗೆರೆ,
ನೀಲಿಯ ಮೇಲೆ ನನ್ನ ಹೆಸರು ಬರೆದಷ್ಟು ಸ್ಪಷ್ಟ.

ಮುದುಕ ಬೈಯಲಿಲ್ಲ.
ಬೆರಳೊತ್ತಿ, ನೆಕ್ಕಿ ನೋಡಿದ.
"ಇನ್ನೂ ಸಿಹಿ ಇದೆ," ಎಂದ.
"ಉಪ್ಪಾಗಿದ್ದರೆ ಹೊತ್ತು ಮೀರುತ್ತಿತ್ತು."
ಕೊಡತಿಯನ್ನೂ ಉಳಿಯನ್ನೂ ನನ್ನ ಮಡಿಲಿಗೆ ಹಾಕಿ
ನಮಾಜಿಗೆ ನಡೆದ.

ನೀರು ಬಸಿದು, ಬಣ್ಣ ಕೆರೆದು
ಲಾಂದ್ರದ ಬೆಳಕಲ್ಲಿ ಒಬ್ಬನೇ ಕೂತೆ.
ಹತ್ತಿಯನ್ನು ಶಾರ್ಕ್ ಎಣ್ಣೆಯಲ್ಲಿ ಅದ್ದಿ, ಹೊಸೆದು,
ಸೀಳಿಗೆ ಕುಟ್ಟಿ ಕುಟ್ಟಿ ಕೂರಿಸಿದೆ.
ದೊಬ್ ದೊಬ್ ಎಂದರೆ ಇನ್ನೂ ಬೇಕು.
ಎಷ್ಟೋ ಹೊತ್ತಿಗೆ, ಠಣ್.
ಕತ್ತಲಲ್ಲಿ ಎಲ್ಲೋ ಮುದುಕ ಕೆಮ್ಮಿದ.
ಮಲಗಿರಲಿಲ್ಲ.

ಮೂರನೆಯ ದಿನದ ಉಬ್ಬರಕ್ಕೆ ತಳ್ಳಿದೆವು.
"ಈಗ ಒಂದು ಹನಿಯೂ ಬರುವುದಿಲ್ಲ ತಾನೆ?"
"ಬರುತ್ತದೆ, ಓಮಾರಿ.
ಹನಿ ಬಾರದ್ದು ದಡದ ಮೇಲಿನ ದೋಣಿ."

ಎಣ್ಣೆಡಬ್ಬ ಕತ್ತರಿಸಿ ಮಾಡಿದ ಮೊಗೆಯುವ ಪಾತ್ರೆ.
ಅದರ ಹಗ್ಗವನ್ನು ಜಗ್ಗಿ ನೋಡಿದ ಮುದುಕ.
ದೋಣಿ ಮಗುಚಿದರೆ ಮೊದಲು ಕೈಬಿಡುವುದು ಅದೇ.

ಗಂಟು ಜಾರಿತು.
ಕಟ್ಟಿದವನು ಈ ಸಲ ನಾನಲ್ಲ.
ಆದರೂ ನಾನೇ ನೀರಿಗಿಳಿದು
ಮತ್ತೆ ಕಟ್ಟಿದೆ, ಎರಡು ಸಲ.