ಗ್ರಂಥಋಣ

ನಮೂದಿಗೆ ಮೂರು ರೂಪಾಯಿ.
ಗೋಣಿಕೊಪ್ಪ ಬಸ್ ಸ್ಟ್ಯಾಂಡಿನೆದುರು, ಕೋವಿ ರಿಪೇರಿಯವರ ಮಹಡಿಯಲ್ಲಿ
ನನ್ನ ಡಿಟಿಪಿ. ಮದುವೆ ಕಾಗದ, ಕರಿಮೆಣಸಿನ ಚೀಲದ ಲೇಬಲ್ಲು,
ಸತ್ತವರ ಏಳನೇ ದಿನದ ಕಾರ್ಡು.
ಫೆಬ್ರವರಿ ಬಂತೆಂದರೆ ಪೊನ್ನಂಪೇಟೆ ಹುಡುಗರ ಥೀಸಿಸ್ಸು.

ಬೋಜಮ್ಮ ತಂದದ್ದು ನೂರ ಹನ್ನೆರಡು.
ಕಾಫಿಗೆ ನೆರಳಾದ ಕಾಡುಮರಗಳ ಮೇಲೆ ನಾಲ್ಕು ವರ್ಷದ ಕೆಲಸ,
ಕೊನೆಯ ಹನ್ನೊಂದು ಪುಟ ಮಾತ್ರ ಕಲಸಿಟ್ಟ ಅನ್ನ.
ನುಡಿಯಿಂದ ಯೂನಿಕೋಡಿಗೆ ದಾಟುವಾಗ
ಅರ್ಕಾವೊತ್ತು ಜಾರಿ ಒಂಬತ್ತಾಗಿ ಕೂತಿದೆ:
ವರ್ಷವೆಲ್ಲ ವಷ೯.

ಮನೆಹೆಸರು ಮೊದಲು, ಅಲ್ಪವಿರಾಮ, ಇನಿಶಿಯಲ್ಲು,
ಕಂಸದೊಳಗೆ ಇಸವಿ,
ಪುಸ್ತಕ ಓರೆಯಾಗಿ, ಪ್ರಕಾಶಕರು ನೆಟ್ಟಗೆ.
"ನಮಗಿದು ಸಲೀಸು ಹಿಲ್ಡಕ್ಕ," ನಗುತ್ತಾಳೆ ಬೋಜಮ್ಮ,
"ಕೊಡವರ ಮನೆಹೆಸರು ತೊಟ್ಟಿಲಲ್ಲೇ ಮುಂದೆ."

ಮೊದಲ ಸಾಲು ಹೊರಗೆ,
ಉಳಿದವು ಅರ್ಧ ಇಂಚು ಒಳಗೆ.
ಬೆಳಿಗ್ಗೆ ಏಳಕ್ಕೆ ತೋಟದ ಸ್ಟೋರಿನ ಮುಂದೆ
ಹೀಗೇ ನಿಲ್ಲುತ್ತಿದ್ದರು. ಮೇಸ್ತ್ರಿ ಒಂದು ಹೆಜ್ಜೆ ಮುಂದೆ,
ಕತ್ತಿ, ಗೋಣಿ, ತಲೆಗೆ ಬಿಗಿದ ಬಟ್ಟೆಯವರು ಹಿಂದೆ.
ಮೇಜಿಗೆ ಬಗ್ಗಿ ನನ್ನಪ್ಪ ಹಾಜರಿ ಹಾಕುತ್ತಿದ್ದರು.
ತೋಟದಲ್ಲಿ ರೈಟರ್ ಎಂದರೆ
ಬರೆಯುವವನಲ್ಲ,
ಬರೆದುಕೊಳ್ಳುವವನು.

ಮೂವರಿಗಿಂತ ಹೆಚ್ಚು ಜನ ಬರೆದಿದ್ದರೆ
ಮೊದಲನೆಯವರ ಹೆಸರು ಸಾಕು,
ಮಿಕ್ಕವರೆಲ್ಲ ಮತ್ತಿತರರು.
ಮೂವತ್ತೊಂದು ಕಡೆ ಬಂತು ಆ ಪದ.
ಕೊನೆಗೆ ಒಂದೇ ಕೀಲಿಗೆ ಕಟ್ಟಿಹಾಕಿದೆ, ಬೆರಳು ಉಳಿಯಲೆಂದು.

ಅಪ್ರಕಟಿತ ಆಕರಗಳು, ನೂರ ಏಳಕ್ಕೆ ಬಂದಾಗ
ಕರೆಂಟು ಹೋಯಿತು. ಯುಪಿಎಸ್ ಕೀಂಯ್ ಎನ್ನುತ್ತಿರಲು ಓದಿದೆ:
ಕರ್ತೃ ಅಜ್ಞಾತ. (೧೯೮೭). ಹಾಜರಿ ಪುಸ್ತಕ, ಕೈಬರಹ.
ಹೊಸಹಳ್ಳ ಎಸ್ಟೇಟ್, ಸಿದ್ದಾಪುರ.

"ಫೋಟೋ ಇದೆಯಾ?" ಎಂದೆ.
ಇತ್ತು. ನೀಲಿ ಶಾಯಿ. ಎಡಕ್ಕೆ ವಾಲಿದ ಏಳು.
ನಂದಿ ಎರಡು, ಹೊನ್ನೆ ಒಂದು, ಬೀಟೆ ಒಂದು, ಕಡಿದದ್ದು.
ಚಾತಿ ಮತ್ತಿತರರು, ಆಳು ಎಂಟು.
ಬಿದ್ದ ಮರಕ್ಕೆಲ್ಲ ಹೆಸರಿತ್ತು.

"ಅಜ್ಞಾತ ಅಲ್ಲ ಇವರು. ಮೆನೇಜಸ್. ಸಿಪ್ರಿಯನ್.
ಸ್ಕೂಲಿನಲ್ಲಿ ನನ್ನ ಕಾಪಿಗೆ ಅಟ್ಟೆ ಹಾಕಿ
ಹೆಸರು ಬರೆದುಕೊಡುತ್ತಿದ್ದ ಕೈ ಇದು."
ಬೋಜಮ್ಮ ಕುರ್ಚಿ ಎಳೆದು ಕೂತಳು. ಏನೂ ಹೇಳಲಿಲ್ಲ.
ನಾನು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ.
ಸಿ ಮುಂದೊಂದು ಚುಕ್ಕೆ.

ಆಮೇಲೆ ಕೊನೆಯದು. ಪೆನ್ನಿನಲ್ಲಿ ಗೀಟು ಹೊಡೆದದ್ದು:
ಚಾತಿ, ಯರವರ ಹಾಡಿ, ತಿತಿಮತಿ.
"ಮರಗಳ ಹೆಸರು ಹೇಳಿಕೊಟ್ಟವರು. ಗೈಡ್ ತೆಗಿ ಅಂದರು,
ಬಾಯಿಮಾತು ಪಟ್ಟಿಗೆ ಬರಲ್ಲ."
ಮನೆಹೆಸರಿನ ಜಾಗ ಖಾಲಿ.
ಇಸವಿಗೆ, ಬಿದಿರು ಹೂಬಿಟ್ಟು ಸತ್ತ ವರ್ಷ.

"ಅದೇ ಚಾತಿಯಾ?"
"ಗೊತ್ತಿಲ್ಲ ಹಿಲ್ಡಕ್ಕ. ಆ ಹಾಡಿಯಲ್ಲಿ ಮೂವರು ಚಾತಿಯರು.
ಒಬ್ಬರಿಗೆ ಕಿವಿ ಕೇಳಲ್ಲ, ಒಬ್ಬರು ಹೋದ ಮಳೆಗಾಲ ಹೋದರು."

ಗೀಟು ತೆಳುವಾಗಿತ್ತು, ಅಕ್ಷರ ಕಾಣುತ್ತಿತ್ತು.
ಕಂಡದ್ದನ್ನು ಟೈಪ್ ಮಾಡುವುದು ನನ್ನ ಕಸುಬು.
ಅಕಾರಾದಿಗೆ ಹಾಕೆಂದು ಒತ್ತಿದೆ.
ಪಟ್ಟಿ ಒಮ್ಮೆ ನಡುಗಿ, ಎಲ್ಲರೂ ಜಾಗ ಬದಲಿಸಿ ನಿಂತರು.
ಚಕಾರ ಮೇಲೆ, ಮಕಾರ ಎಷ್ಟೋ ಕೆಳಗೆ.
ಅಪ್ಪ ಸ್ಕ್ರೀನಿನಾಚೆ. ಕಾಣಲು
ಮೌಸ್ ಉರುಳಿಸಬೇಕು.

ಕೆಳಗೆ ಯಾರೋ ಕೋವಿ ಪರೀಕ್ಷಿಸಿದರು, ಖಾಲಿ ಸದ್ದು.
ಬೋಜಮ್ಮ ಸ್ಕ್ರೀನ್ ನೋಡಿದಳು, ಗೀಟು ನೋಡಿದಳು,
ಪರ್ಸ್ ತೆಗೆದಳು. "ನೂರ ಹನ್ನೊಂದಾ, ಹನ್ನೆರಡಾ?"
"ಹನ್ನೆರಡು. ಮುನ್ನೂರ ಮೂವತ್ತಾರು."
ನಾಲ್ಕು ರೂಪಾಯಿ ಚಿಲ್ಲರೆ ನನ್ನಲ್ಲಿರಲಿಲ್ಲ.
ಬೈಂಡಿಂಗಿಗೆ ಬಂದಾಗ ಕೊಡುತ್ತೇನೆ ಎಂದೆ.