ಕಾರಣ ಎಂಬ ಕಾಲಂ

ಮೈಸೂರು ರಸ್ತೆಯ ಟಿಂಬರ್ ಯಾರ್ಡಿಗೆ ಲೆಕ್ಕ ಬರೆಯಲು ಸೇರಿದ ದಿನ
ಮೇಜಿನ ಗಾಜಿನಡಿಯ ಹಳದಿ ಚೀಟಿ ತೋರಿಸಿದರು ಕಾಂಜಿಭಾಯಿ:
ಘನ ಅಡಿಗೆ ಇಷ್ಟು ಕಿಲೋ.
ತೇಗ ಹದಿನೆಂಟು. ಹೊನ್ನೆ ಇಪ್ಪತ್ತೆರಡು.
ಮತ್ತಿ ಇಪ್ಪತ್ತೈದು, ಹಲಸು ಹದಿನೇಳು, ಸಿಲ್ವರ್ ಓಕ್ ಹದಿನಾರು,
ಬೂರುಗ ಹತ್ತು. ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಯಾರೋ
‘ಇದು ಮರವಲ್ಲ, ಹಾಸಿಗೆಯ ಅಣ್ಣ’ ಎಂದು ಗೀಚಿದ್ದರು.
ಮಧ್ಯಾಹ್ನದ ಡಬ್ಬಿ ಬಿಚ್ಚುವಷ್ಟರಲ್ಲಿ ಬಾಯಿಪಾಠವಾಗಿತ್ತು.

ದಸ್ತಗೀರ್ ಸಾಬರಿಗೆ ಚೀಟಿ ಬೇಕಿರಲಿಲ್ಲ.
ಗೆಣ್ಣಿನಿಂದ ಎರಡು ಸಲ ಕುಟ್ಟಿ,
ಕಡಿದ ಮುಖಕ್ಕೆ ಮೂಗು ಹಚ್ಚಿ,
ಸಿಂಬಿ ಸರಿಮಾಡಿಕೊಂಡು ಒಂದೇ ತುದಿಗೆ ಹೆಗಲು ಕೊಟ್ಟು
ನಾಲ್ಕು ಬೆರಳು ಎತ್ತಿ ಇಳಿಸುವರು.
‘ಎತ್ತಿದ ತುದಿ ಅರ್ಧ ಹೇಳ್ತದಮ್ಮ,
ಇನ್ನರ್ಧ ನೆಲ ಹೇಳ್ತದೆ.’
ನೆಲ ಹೇಳಿದ್ದು ನನಗೆ ಯಾವತ್ತೂ ಕೇಳಿಸಲಿಲ್ಲ.

ಆ ವರ್ಷ ದೀಪಾವಳಿಯ ಮಳೆಗೆ
ಜಯನಗರದಲ್ಲಿ ಯಾರದೋ ಕಾರಿನ ಮೇಲೆ ಬಿದ್ದ ಮಳೆಮರ
ಹರಾಜಿನಲ್ಲಿ ನಮ್ಮ ಪಾಲಿಗೆ ಬಂತು, ಒಂದೇ ದಿಮ್ಮಿ.
ಉದ್ದ ಎಂಟಡಿ, ಸುತ್ತು ಆರಡಿ.
ಸುತ್ತನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ,
ಉದ್ದದಿಂದ ಮತ್ತೆ ಗುಣಿಸಿ: ಹದಿನೆಂಟು ಘನ ಅಡಿ.
ಹಸಿ ಮರಕ್ಕೆ ಇಪ್ಪತ್ತಾರು ಕಿಲೋ ಹಿಡಿದು
ನಾನೂರ ಅರವತ್ತೆಂಟು ಎಂದೆ, ಒಂಚೂರು ಜಂಬದಿಂದಲೇ.
‘ಆರುನೂರು’ ಎಂದರು ಸಾಬರು, ಬೀಡಿ ಹುಡುಕುತ್ತ.

ಎದುರಿನ ವೇಬ್ರಿಡ್ಜ್ ಹೇಳಿತು: ಐನೂರ ತೊಂಬತ್ತೈದು.

ಆಮೇಲೆ ತಿಳಿಯಿತು. ನಾಲ್ಕರಿಂದ ಭಾಗಿಸುವ ಲೆಕ್ಕ ವ್ಯಾಪಾರದ ಲೆಕ್ಕ,
ಗರಗಸಕ್ಕೆ ದಕ್ಕದ ದುಂಡನ್ನು, ತೊಗಟೆಯನ್ನು
ಮೊದಲೇ ಕೈಬಿಟ್ಟಿರುತ್ತದೆ.
ಹೊರುವವನಿಗೆ ಆ ರಿಯಾಯಿತಿ ಇಲ್ಲ.

ಕೊಯ್ದು, ಹಲಗೆಗಳ ನಡುವೆ ಪಟ್ಟಿ ಕೊಟ್ಟು ಒಣಗಲಿಟ್ಟೆವು.
ಶಿವರಾತ್ರಿಯ ಹೊತ್ತಿಗೆ ಗಿರಾಕಿ ಬಂದ, ಎಲ್ಲ ನನಗೇ ಎಂದ.
ಹಲಗೆ, ಅಂಚುಪಟ್ಟಿ, ತೊಗಟೆ,
ಮೂಟೆ ಕಟ್ಟಿಟ್ಟ ಹೊಟ್ಟನ್ನೂ ಬಿಡದೆ ತಟ್ಟೆಗೆ ಏರಿಸಿದೆವು.
ನಾನೂರ ಮೂವತ್ತು.

ಕಾಂಜಿಭಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.
‘ನೂರ ಅರವತ್ತೈದು ಕಿಲೋಗೆ ಕಾಲು ಬಂತಾ?’
ಯಾರನ್ನೂ ನೋಡಲಿಲ್ಲ ಅವರು.
ನೋಡದ ರೀತಿಯಲ್ಲೇ ಎಲ್ಲರಿಗೂ ಗೊತ್ತಾಯಿತು
ಗೇಟಿನ ಬೀಗದಕೈ ಯಾರ ಸೊಂಟದಲ್ಲಿದೆ ಎಂದು.

ಗರಗಸ ನಿಂತಿತ್ತೋ, ನನಗೆ ಕೇಳಿಸಲಿಲ್ಲವೋ.
ಗಾಡಿ ಇಳಿದ ಮೇಲೆ ಸಾಬರು ಚಪ್ಪಲಿ ಬಿಟ್ಟು,
ಬೀಗದಕೈ ಗೊಂಚಲು ನನ್ನ ಕೈಗಿಟ್ಟು,
ಲಾರಿಗಳನ್ನು ತೂಗುವ ಆ ಅಗಲದ ತಟ್ಟೆಯ ನಡುವೆ
ಒಬ್ಬರೇ ಹೋಗಿ ನಿಂತರು.
ಕೆಂಪಂಕಿ ಸ್ವಲ್ಪ ತಡವರಿಸಿ ಐವತ್ತೈದರಲ್ಲಿ ನಿಂತಿತು.

‘ಕೆಲಸಕ್ಕೆ ಸೇರಿದ ವರ್ಷ ಇಲ್ಲೇ, ತಮಾಷೆಗೆ, ತೂಗಿಸಿದ್ದಿರಿ ಸೇಠ್.
ಎಪ್ಪತ್ತು ಇದ್ದೆ.
ಹದಿನೈದು ಯಾರು ಒಯ್ದರು, ಅದನ್ನೂ ಬರೆಸಿ.’

ಕಾಂಜಿಭಾಯಿ ಏನೂ ಅನ್ನಲಿಲ್ಲ.
ಹುಡುಗನನ್ನು ಕರೆದು ಮೂರು ಟೀ ಹೇಳಿದರು,
ಸಾಬರದಕ್ಕೆ ಸಕ್ಕರೆ ಬೇಡ ಎಂಬುದನ್ನು ಮರೆಯದೆ.
ಸಾಬರು ಕುಡಿದರು. ಬೀಗದಕೈ ಮಾತ್ರ
ಸಂಜೆ ಬಾಗಿಲು ಹಾಕುವವರೆಗೂ ನನ್ನ ಮೇಜಿನ ಮೇಲೇ ಇತ್ತು.

ರಿಜಿಸ್ಟರಿನಲ್ಲಿ ಕೊರತೆಯ ಮುಂದೆ ಕಾರಣ ಎಂಬ ಕಾಲಂ,
ಎರಡು ಬೆರಳಗಲ.
‘ಬಿಸಿಲು’ ಎಂದು ಬರೆದೆ.
ಆಡಿಟರ್ ಅದಕ್ಕೆ ಕೆಂಪು ಸುತ್ತು ಹಾಕಿದ. ಹಾಕಲಿ.

ಈಗಲೂ ಯಾರಾದರೂ ಫೋನು ಮಾಡಿ
‘ಮೇಡಂ, ಇಪ್ಪತ್ತು ಅಡಿ ಹೊನ್ನೆ, ಲಗೇಜ್ ಆಟೋ ತಡೆಯುತ್ತಾ?’
ಎಂದರೆ ಮಗ್ಗಿ ನಾಲಿಗೆ ತುದಿಗೆ ಬರುತ್ತದೆ.
ನುಂಗಿಕೊಂಡು ಕೇಳುತ್ತೇನೆ:
ಕಡಿದು ಎಷ್ಟು ದಿನ ಆಯಿತು?
ನೆರಳಲ್ಲಿತ್ತಾ?
ಇಳಿಸೋಕೆ ಎಷ್ಟು ಜನ ಇದ್ದೀರ?