ಹರಿದದ್ದನ್ನು ಓದುವವನು

ಶಿವಾಜಿನಗರ ಬಸ್‌ಸ್ಟ್ಯಾಂಡಿನ ಹಿಂದೆ, ಮಟನ್ ಅಂಗಡಿಯ ಮೇಲಿನ ಮಹಡಿ.
ಮೆಟ್ಟಿಲಲ್ಲಿ ತಲೆ ತಗ್ಗಿಸಬೇಕು, ಹೆಲ್ಮೆಟ್ ಹಾಕಿಕೊಂಡೇ ಹತ್ತಿದರೂ ಸರಿ.
ಅಬ್ಬಾ ಕೋಟು ಹೊಲಿಯುತ್ತಿದ್ದರು.
ನನ್ನ ಸೂಜಿಗೆ ಸಿಕ್ಕಿದ್ದು ಬೈಕಿನವರ ಜಾಕೆಟ್ಟು, ಟೆಂಟು,
ಸೀಟಿನ ಎರಡೂ ಪಕ್ಕ ತೂಗುವ ಚೀಲ.

ಹೇಗೆ ಬಿದ್ದಿರಿ ಅಂತ ಕೇಳುವುದಿಲ್ಲ.
ಬಟ್ಟೆ ಹೇಳುತ್ತೆ.

ಎಡ ಮೊಣಕೈ ತೇದು ಸ್ಪಂಜು ಹೊರಗೆ ಬಂದಿದ್ದರೆ
ತಿರುವಿನಲ್ಲಿ ಜಲ್ಲಿಪುಡಿ, ಕ್ರಷರ್ ಲಾರಿ ಚೆಲ್ಲಿಕೊಂಡು ಹೋದದ್ದು.
ಹೊಲಿಗೆಯ ಸಂದಿನಲ್ಲಿ ರಾಗಿಹುಲ್ಲಿನ ಚೂರಿದ್ದರೆ
ಮಾಗಡಿಯ ಆಚೆ, ಡಿಸೆಂಬರು,
ಟಾರು ರೋಡನ್ನೇ ಕಣ ಮಾಡಿಕೊಂಡವರ ಒಕ್ಕಣೆಯ ಮೇಲೆ
ಬ್ರೇಕು ಹಿಡಿದಿದ್ದಾನೆ ಹುಡುಗ.
ಹಿಡಿಯಬಾರದು ಮಗನೇ, ಹುಲ್ಲಿನ ಮೇಲೆ ಹಿಡಿಯಬಾರದು.
ಎರಡೂ ಅಂಗೈ ಹೋದ ಗ್ಲೌಸು: ಬಣ್ಣ ಬಳಿಯದ ಹಂಪು, ರಾತ್ರಿ.
ಬೆನ್ನಿಗೆ ಗೀರು, ಎದೆಗೆ ಏನೂ ಇಲ್ಲ: ನಾಯಿ ಅಡ್ಡ ಬಂದಿದೆ.
ನಾಯಿ ಬದುಕಿದೆ.

ಟೆಂಟಿನ ಮೂಲೆಯಲ್ಲಿ ದುಂಡಗೆ ತೂತಿದ್ದರೆ
ಬ್ರೆಡ್ಡು ಒಳಗಿಟ್ಟು ಮಲಗಿದ್ದಾರೆ. ಇಲಿ.
ಇಲಿಯೇ ಪುಣ್ಯ. ಹಲಸಿನ ತೊಳೆ ಇಟ್ಟುಕೊಂಡವರದು
ಚಿಂದಿಯಾಗಿ ಬಂತು, ಆನೆ ಲದ್ದಿಯ ವಾಸನೆ ಸಮೇತ.
ಅದನ್ನು ಹೊಲಿಯಲಿಲ್ಲ. ಮಳೆಗಾಲಕ್ಕೆ ಮೂರು ಸೀಟ್ ಕವರ್ ಆಯಿತು.

ಹೋದ ಜನವರಿ ಲವೀನಾ ಪಿಂಟೋ ಒಂದು ಟೆಂಟು ತಂದಳು.
ಉದ್ದಕ್ಕೆ ಹಾಸಿದೆ, ಟ್ಯೂಬ್‌ಲೈಟಿಗೆ ಹಿಡಿದೆ,
ಹೊಲಿಗೆ ಹೊಲಿಗೆಗೂ ಬೆರಳಾಡಿಸಿದೆ.
ಒಂದು ನೂಲು ಬಿಟ್ಟಿಲ್ಲ. ಜಿಪ್ಪು ಬೆಣ್ಣೆ ಹಾಗೆ ಜಾರುತ್ತೆ.
ಏನಮ್ಮ ಹೋಗಿದೆ ಇದರಲ್ಲಿ, ಅಂದೆ.
ನಾನು ಕೇಳಿದ್ದು ಅದೇ ಮೊದಲು.

ಚಳಿ ಜಾಸ್ತಿ ಇತ್ತು, ಅಂದಳು.
ಕೋಳಿ ಸುಟ್ಟ ಇದ್ದಿಲು ಇನ್ನೂ ಕೆಂಪಗಿತ್ತು,
ಬಾಣಲೆ ಸಮೇತ ಒಳಗೆಳೆದುಕೊಂಡು ಜಿಪ್ಪು ಹಾಕಿದೆವು.
ತಲೆ ಸಿಡಿಯುತ್ತಿತ್ತು, ನೀರಿಗೆ ಅಂತ ಹೊರಗೆ ಬಂದೆ,
ಬೈಕಿನ ಚಕ್ರಕ್ಕೆ ಒರಗಿದ್ದಷ್ಟೇ ನೆನಪು.
ಅಣ್ಣ ಏಳಲಿಲ್ಲ.

ಅವನ ಜಾಕೆಟ್ಟೂ ತಂದಿದ್ದಳು, ಸುಮ್ಮನೆ.
ಮೊಣಕೈಯಲ್ಲಿ ನನ್ನದೇ ಹಳೆಯ ತೇಪೆ,
ಇನ್ನೂ ಗಟ್ಟಿ.

ಪರ್ಸು ತೆಗೆದು ಕೇಳಿದಳು:
ಇದಕ್ಕೊಂದು ಕಿಟಕಿ ಇಡೋಕೆ ಎಷ್ಟಾಗುತ್ತೆ?

ಮೇಲೊಂದು, ಕೆಳಗೊಂದು, ಎದುರುಬದುರು,
ಸೊಳ್ಳೆಪರದೆಯ ಬಟ್ಟೆ, ಮುಚ್ಚಲು ಬಾರದ ಹಾಗೆ.
ಕತ್ತರಿ ಇಟ್ಟಾಗ ನೆಟ್ಟಗಿದ್ದ ಬಟ್ಟೆ ಕಿರ್ರೆಂದಿತು.
ಮೂವತ್ತೊಂದು ವರ್ಷ ತೂತು ಮುಚ್ಚಿದ ಕೈ ಇದು,
ಸ್ವಲ್ಪ ತಡವರಿಸಿತು.

ಈಗ ಯಾರ ಟೆಂಟು ಬಂದರೂ ಕೇಳದೆ ಇಡುತ್ತೇನೆ, ಕಾಸಿಲ್ಲದೆ.
ಬಾಗಿಲ ಒಳಮಗ್ಗುಲಿಗೆ ಕೆಂಪು ದಾರದಲ್ಲಿ ಎರಡು ಪದ:
ಬೆಂಕಿ ಹೊರಗೆ.
ಕೆಲವರು ಜಗಳಕ್ಕೇ ಬರುತ್ತಾರೆ.
ಮಾಸ್ಟರ್, ಹದಿನಾಲ್ಕು ಸಾವಿರದ ಟೆಂಟು ಇದು, ಮಳೆನೀರು ಒಳಗೆ ಬರಲ್ವಾ?

ಬರುತ್ತೆ, ಅನ್ನುತ್ತೇನೆ.
ನೆನೆದುಕೊಂಡು ಬಂದು ಬಯ್ಯಿರಿ.